ಹಳೆ ಗೋಡೆಗೆ ಗಾರೆಯೇ ಇರಲಿ, ಸಿಮೆಂಟ್ ಬೇಡ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಹಳೆ ಕಟ್ಟಡವೊಂದರ ದುರಸ್ತಿಯ ಫೋಟೊ ಬಂದಿತ್ತು. ಗೋಡೆಯ ಹಳೆ ಸುಣ್ಣದ ಗಾರೆಯನ್ನೆಲ್ಲ ಕೆತ್ತಿ ತೆಗೆದು ಅದರ ಮೇಲೆ ಸಿಮೆಂಟ್ ಬಳಿಯುತ್ತಿದ್ದರು. ನೋಡಿ ಬಹಳ ಸಂಕಟವಾಯಿತು. ನಾನು ನಾಪೋಕ್ಲು ಕಡೆಯ ಗಾರೆ ಮೇಸ್ತ್ರಿ. ಚಿಕ್ಕಂದಿನಲ್ಲೇ ಅಪ್ಪನ ಹಿಂದೆ ಬಾಂಡ್ಲಿ ಹೊತ್ತು ಈ ಕೆಲಸ ಕಲಿತವನು. ನಾನು ಹೇಳಬೇಕಾದ ಮಾತು ಇಷ್ಟೇ: ಕೊಡಗಿನ ಹಳೆ ಐನ್‌ಮನೆ (ಕುಟುಂಬದ ಮೂಲಮನೆ), ದೇವಸ್ಥಾನ, ಶಾಲೆಗಳ ಮಣ್ಣಿನ ಗೋಡೆಗೆ, ಸುಣ್ಣದಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹಾಕುವುದನ್ನು ನಿಲ್ಲಿಸಬೇಕು. ದುರಸ್ತಿ ಅಂತ ಮಾಡುವ ಈ ಕೆಲಸವೇ ಆ ಗೋಡೆಗಳನ್ನು ಒಳಗಿಂದ ಕೊಲ್ಲುತ್ತಿದೆ.

ಈಚೆಗೆ ಒಂದು ಹಳೆ ಮನೆಗೆ ನನ್ನನ್ನು ಕರೆದಿದ್ದರು. ಜಗಲಿಯ ಪಕ್ಕದ ಗೋಡೆ ಊದಿಕೊಂಡಿದೆ ಅಂದರು. ಹೊರಗಿನಿಂದ ನೋಡಿದರೆ ಗೋಡೆ ಚೆನ್ನಾಗಿಯೇ ಇತ್ತು, ನಯವಾದ ಸಿಮೆಂಟು, ಮೇಲೆ ತಿಳಿ ಹಳದಿ ಬಣ್ಣ. ಕರಣೆಯ ಹಿಡಿಯಿಂದ ತಟ್ಟಿ ನೋಡಿದೆ. ಮೇಲಿನ ಭಾಗ ಗಟ್ಟಿ ಸದ್ದು ಕೊಟ್ಟಿತು. ಸೊಂಟದ ಮಟ್ಟದಿಂದ ಕೆಳಗೆ ಎಲ್ಲ ಟೊಳ್ಳು. ಬಿರುಕಿಗೆ ಉಳಿ ಇಟ್ಟು ಸ್ವಲ್ಪ ಮೀಟಿದ್ದೇ ತಡ, ಬಾಗಿಲಿನಷ್ಟು ಅಗಲದ ಸಿಮೆಂಟಿನ ಚಕ್ಕೆ ಒಂದೇ ಸಲಕ್ಕೆ ಬಂದುಬಿಟ್ಟಿತು. ಅದರ ಹಿಂದೆ ಇದ್ದ ಮಣ್ಣಿನ ಗೋಡೆ ಕಲಸಿದ ಹಿಟ್ಟಿನ ಹಾಗೆ ಆಗಿತ್ತು. ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಬಾಗಿಲ ಚೌಕಟ್ಟಿನ ಬುಡವನ್ನು ಗೆದ್ದಲು ತಿಂದಿತ್ತು. ಮಳೆ ನಿಂತು ಎಷ್ಟೋ ದಿನ ಆಗಿತ್ತು, ಅಂಗಳದಲ್ಲಿ ಕಾಫಿ ಒಣಗುತ್ತಿತ್ತು. ಗೋಡೆಯೊಳಗೆ ಮಾತ್ರ ಇನ್ನೂ ಮಳೆಗಾಲ.

ಹೀಗೆ ಆಗುವುದಕ್ಕೆ ಕಾರಣ ಇದೆ. ಹಳೆ ಗೋಡೆಗಳಿಗೆ ಅಡಿಪಾಯದ ಮೇಲೆ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಗೋಡೆಗೆ ಏರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಭಾಗಮಂಡಲದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಇಂಥ ಊರಲ್ಲಿ ಗೋಡೆಗೆ ನೀರು ಸೋಕದ ಹಾಗೆ ಮಾಡುವುದು ಆಗದ ಮಾತು. ಹಿಂದಿನವರು ನೀರನ್ನು ಪೂರ್ತಿ ತಡೆಯಲು ಹೋಗಲೇ ಇಲ್ಲ. ಸೂರು ಉದ್ದಕ್ಕೆ ಇಳಿಸಿದರು, ಜಗಲಿ ಎತ್ತರ ಮಾಡಿದರು. ಆಮೇಲೂ ಒಳಗೆ ಬಂದ ತೇವ ಹೊರಗೆ ಹೋಗಲಿ ಅಂತ ಸುಣ್ಣದ ಗಾರೆ ಹಾಕಿದರು. ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಬಿಸಿಲು ಬಂತು ಅಂದರೆ ತೇವ ಅದರ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಹಾಗಲ್ಲ. ಅದು ಬಿಗಿ, ಗಟ್ಟಿ. ಮಣ್ಣಿನ ಗೋಡೆ ಮಳೆಗೆ ಸ್ವಲ್ಪ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಹೊಂದಿಕೊಳ್ಳದೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಒಳಗೆ ಇಳಿಯುತ್ತದೆ. ಹೊರಗೆ ಬರುವ ದಾರಿ ಮಾತ್ರ ಇಲ್ಲ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರಂತೂ ಮುಗಿಯಿತು.

ಸುಣ್ಣದಲ್ಲಿ ಇನ್ನೊಂದು ಗುಣ ಇದೆ. ಸಣ್ಣ ಬಿರುಕು ಬಿಟ್ಟರೆ, ಮಳೆನೀರು ಗಾರೆಯ ಒಳಗಿನ ಸುಣ್ಣವನ್ನೇ ಸ್ವಲ್ಪ ಕರಗಿಸಿ ಆ ಬಿರುಕಿನಲ್ಲಿ ಕೂರಿಸುತ್ತದೆ. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುತ್ತಿದ್ದೆವಲ್ಲ, ಅದು ಬರೀ ಚೆಂದಕ್ಕಲ್ಲ. ಗೋಡೆಯ ಗಾಯವೂ ಅದರಲ್ಲಿ ಮುಚ್ಚುತ್ತಿತ್ತು.

ಜನರಲ್ಲಿ ಒಂದು ಗೊಂದಲ ಇದೆ, ಅದನ್ನೂ ಹೇಳಬೇಕು. ಪ್ಲಾಸ್ಟರ್ ಮಾಡಿಕೊಡಿ ಅನ್ನುತ್ತಾರೆ, ಯಾವುದರಿಂದ ಅಂತ ಯಾರೂ ಕೇಳುವುದಿಲ್ಲ. ಈ ಹೆಸರಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಒಂದು ಸುಣ್ಣದ್ದು, ಒಂದು ಸಿಮೆಂಟಿನದು, ಇನ್ನೊಂದು ಜಿಪ್ಸಮ್ಮಿನದು. ಜಿಪ್ಸಮ್ಮನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಬರುವ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಪ್ಯಾರಿಸ್ಸಿನ ಮಾಂಟ್‌ಮಾರ್ಟ್ರ್ ಗುಡ್ಡದಲ್ಲಿ ಈ ಕಲ್ಲಿನ ಗಣಿಗಳಿದ್ದವು, ಅದಕ್ಕೇ ಆ ಹೆಸರು. ಮುರಿದ ಮೂಳೆಗೆ ಆಸ್ಪತ್ರೆಯಲ್ಲಿ ಹಾಕುವ ಬಿಳಿ ಪಟ್ಟಿಯೂ ಇದೇ. ನೀರು ಹಾಕಿದ ಕೆಲವೇ ನಿಮಿಷಕ್ಕೆ ಗಟ್ಟಿಯಾಗುತ್ತದೆ, ಮೈ ನುಣ್ಣಗೆ ಬರುತ್ತದೆ. ಒಣ ಊರಿಗೆ ಒಳ್ಳೆಯದು. ನಮ್ಮ ಕಡೆ ಮಳೆಗಾಲದ ತೇವ ಏರುವ ಹಳೆ ಗೋಡೆಗೆ ಅದನ್ನು ಹಚ್ಚಿದರೆ ಮೆತ್ತಗಾಗಿ ಹಕ್ಕಳೆ ಏಳುತ್ತದೆ. ಬಿಳಿ ಇದೆ ಅಂತ ಅದನ್ನೇ ಸುಣ್ಣದ ಗಾರೆ ಅಂದುಕೊಂಡು ಮೋಸ ಹೋಗಬೇಡಿ.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಸುಣ್ಣದ ಕಲ್ಲನ್ನೋ ಕರಾವಳಿಯ ಚಿಪ್ಪನ್ನೋ ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಸುಟ್ಟ ಸುಣ್ಣ. ಅದನ್ನು ಗುಂಡಿಯ ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ. ಆಗ ಹತ್ತಿರ ಬಗ್ಗಿ ನೋಡಬಾರದು, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಅರಳಿದ ಸುಣ್ಣವನ್ನು ನೀರಿನ ಅಡಿಯಲ್ಲೇ ತಿಂಗಳುಗಟ್ಟಲೆ ಬಿಡಬೇಕು. ಎಷ್ಟು ಹಳೆಯದಾಗುತ್ತದೋ ಅಷ್ಟು ಬೆಣ್ಣೆ. ಆಮೇಲೆ ಮರಳು, ಕೆಲವು ಕಡೆ ಇಟ್ಟಿಗೆ ಪುಡಿ, ಅಂದರೆ ಸುರ್ಕಿ. ಬೆಲ್ಲ ಮತ್ತು ಅಳಲೆಕಾಯಿ ನೆನೆಹಾಕಿದ ನೀರಲ್ಲಿ ಕಲಸಿ ಚೆನ್ನಾಗಿ ಅರೆಯಬೇಕು. ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಹದ ನೋಡುವುದಕ್ಕೆ ಅಪ್ಪ ಕರಣೆಯಲ್ಲಿ ಒಂದಿಷ್ಟು ಎತ್ತಿ ಕರಣೆಯನ್ನೇ ಮಗುಚುತ್ತಿದ್ದರು. ಗಾರೆ ಬಿದ್ದರೆ ಇನ್ನೂ ಅರೆಯಿರಿ ಅನ್ನುತ್ತಿದ್ದರು. ಗೋಡೆಗೆ ಹಾಕುವುದು ತೆಳ್ಳಗೆ, ಪದರ ಪದರವಾಗಿ. ಒಂದು ಪದರ ಬಿಗಿದ ಮೇಲೇ ಇನ್ನೊಂದು. ಕೊನೆಗೆ ನುಣುಪು ಕಲ್ಲಿನಿಂದ ಉಜ್ಜಬೇಕು. ಗೋಡೆಯ ಮೇಲೆ ಕೂತ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಈ ಮಾತು ಯೋಚಿಸಿದಾಗಲೆಲ್ಲ ನನಗೆ ಈ ಕೆಲಸದ ಮೇಲೆ ಪ್ರೀತಿ ಜಾಸ್ತಿಯಾಗುತ್ತದೆ.

ಅದೆಲ್ಲ ಹಳೆ ಕಾಲದ್ದು, ಈಗ ಬಾಳಿಕೆ ಬರುತ್ತದಾ ಅಂತ ಕೇಳುವವರು ಒಂದು ಸಲ ಮಡಿಕೇರಿ ಸುತ್ತಿ ಬರಲಿ. ಓಂಕಾರೇಶ್ವರ ದೇವಸ್ಥಾನವನ್ನು ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು 1820ರಲ್ಲಿ. ಇಂಗ್ಲೆಂಡಿನಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅಂದರೆ ಆ ದೇವಸ್ಥಾನದ ಗುಮ್ಮಟ ಏಳುವಾಗ ಇವತ್ತಿನ ಸಿಮೆಂಟ್ ಹುಟ್ಟಿರಲೇ ಇಲ್ಲ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ಇನ್ನೂ ಹಳೆಯದು, 1792ರದ್ದು. ಸುತ್ತ ಕಾಡು, ತಡಿಯಂಡಮೋಳ್ ಬೆಟ್ಟದ ಬುಡ, ಅಲ್ಲಿಯ ಮಳೆ ಹೇಗಿರುತ್ತದೆ ಅಂತ ನಮಗೆ ಗೊತ್ತಲ್ವಾ? ರಾಜರ ಗದ್ದುಗೆಯ, ಅಂದರೆ ಸಮಾಧಿಯ ಗುಮ್ಮಟಗಳನ್ನೂ ನೋಡಿ. ನಮ್ಮ ಕಾವೇರಿ ಹೋಗಿ ನಿಲ್ಲುವ ಕನ್ನಂಬಾಡಿ ಕಟ್ಟೆಯನ್ನೇ ಸುರ್ಕಿ ಗಾರೆಯಲ್ಲಿ ಕಟ್ಟಿದ್ದಾರೆ. ಅಷ್ಟು ನೀರಿನ ಭಾರ ಹೊತ್ತಿದೆ.

ಸಿಮೆಂಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದೇ ನನಗೆ ದಿನಾ ಅನ್ನ ಕೊಡುತ್ತದೆ. ಹೊಸ ಬ್ಲಾಕ್ ಗೋಡೆಗೆ, ನೀರಿನ ತೊಟ್ಟಿಗೆ, ಬಚ್ಚಲಿಗೆ ಅದೇ ಸರಿ. ಹಳೆ ಗೋಡೆಗೆ ಬೇಡ ಅಂತಷ್ಟೇ.

ಸುಣ್ಣಕ್ಕೆ ಖರ್ಚು ಜಾಸ್ತಿ ಅನ್ನುತ್ತಾರೆ. ಮೊದಲ ಸಲ ಹೌದು, ಅದರಲ್ಲೂ ಕೂಲಿ ಜಾಸ್ತಿ ಬೀಳುತ್ತದೆ. ಆದರೆ ಸಿಮೆಂಟ್ ಉದುರಿ, ತೊಲೆ ಕೊಳೆತು, ಗೋಡೆಯನ್ನೇ ಹೊಸದಾಗಿ ಎತ್ತಬೇಕಾದಾಗ ಆಗುವ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾರೆ ಕೆಲಸ ಬಲ್ಲವರು ಇಲ್ಲ ಅನ್ನುವುದು ಮಾತ್ರ ನಿಜವಾದ ತೊಂದರೆ. ನನ್ನ ಜೊತೆ ಬರುವ ಹುಡುಗರು ಕೈ ಚುರುಕಿನವರು, ಸಿಮೆಂಟನ್ನು ಕನ್ನಡಿ ಹಾಗೆ ತಿಕ್ಕುತ್ತಾರೆ. ಸುಣ್ಣ ಅರಳಿಸುವುದನ್ನು ಅವರು ಕಂಡೇ ಇಲ್ಲ. ಅವರಿಗೆ ಯಾರೂ ಕಲಿಸಲಿಲ್ಲ, ಅವರನ್ನು ದೂರಿ ಏನು ಪ್ರಯೋಜನ?

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಹೊತ್ತಿನದು. ಸುಣ್ಣದ ಗಾರೆಗೆ ಮಳೆ ಬರುವ ಮುಂಚೆ ಬಿಗಿಯಲು ತಿಂಗಳುಗಳು ಬೇಕು. ಹುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬ ಕಳೆದ ಕೂಡಲೇ ಕೆಲಸ ಹಿಡಿದರೆ ಚೆನ್ನ. ಆದರೆ ಆಗ ಆಳುಗಳೆಲ್ಲ ಕಾಫಿ ಕೊಯ್ಲಿಗೆ ಹೋಗಿರುತ್ತಾರೆ. ದುರಸ್ತಿಯ ದುಡ್ಡು ಮಂಜೂರಾಗುವುದು ಮಾರ್ಚ್ ಕೊನೆಗೆ. ಏಪ್ರಿಲ್‌ನಲ್ಲಿ ಕಾಗದಪತ್ರ, ಮೇ ತಿಂಗಳಲ್ಲಿ ಕೆಲಸ ಶುರು, ಜೂನ್‌ಗೆ ಮಳೆ. ಆಗ ಗುತ್ತಿಗೆದಾರರು ಬೇಗ ಬಿಗಿಯುವ ಸಿಮೆಂಟ್ ಹಾಕಿ ಬಿಲ್ ಮಾಡಿಸಿಕೊಳ್ಳುತ್ತಾರೆ. ಎಸ್ಟಿಮೇಟಿನಲ್ಲೂ ಬರೀ ‘ಪ್ಲಾಸ್ಟರಿಂಗ್’ ಅಂತ ಬರೆದಿರುತ್ತಾರೆ, ಆದ್ದರಿಂದ ತಪ್ಪು ಅನ್ನಲೂ ಬರುವುದಿಲ್ಲ.

ದೇವಸ್ಥಾನ ಸಮಿತಿಯವರಲ್ಲಿ, ಐನ್‌ಮನೆಯ ಹಿರಿಯರಲ್ಲಿ, ಇಂಜಿನಿಯರ್‌ಗಳಲ್ಲಿ ನನ್ನ ವಿನಂತಿ ಇದೆ. ಹಳೆ ಕಟ್ಟಡದ ಎಸ್ಟಿಮೇಟಿನಲ್ಲಿ ‘ಸುಣ್ಣದ ಗಾರೆ’ ಅಂತ ಸ್ಪಷ್ಟವಾಗಿ ಬರೆಯಿರಿ. ಮಳೆಗಾಲದಲ್ಲೇ ದುಡ್ಡಿನ ಏರ್ಪಾಡು ಮಾಡಿ ಸುಣ್ಣ ತರಿಸಿ ಗುಂಡಿಯಲ್ಲಿ ನೆನೆಹಾಕಿಬಿಡಿ, ಚಳಿಗಾಲಕ್ಕೆ ಹದವಾಗಿರುತ್ತದೆ. ಕೊಯ್ಲಿನ ಹೊತ್ತಿಗೆ ನಾಲ್ಕು ಜನ ಮೇಸ್ತ್ರಿಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಜಿಲ್ಲೆಯ ಐಟಿಐಗಳಲ್ಲಿ ಸುಣ್ಣದ ಕೆಲಸ ಕಲಿಸುವ ಒಂದು ಸಣ್ಣ ತರಬೇತಿ ಆರಂಭವಾಗಲಿ. ಕಲಿಸಲು ಕರೆದರೆ ನಾನು ಬರುತ್ತೇನೆ. ಸಂಬಳದ ಮಾತು ಆಮೇಲೆ ನೋಡೋಣ, ಗುಂಡಿ ತೋಡಲು ಜಾಗ ಮತ್ತು ಒಂದು ಲೋಡ್ ಸುಣ್ಣ ಕೊಟ್ಟರೆ ಸಾಕು.

ಇಂತಿ,
ಒಬ್ಬ ಗಾರೆ ಮೇಸ್ತ್ರಿ,
ನಾಪೋಕ್ಲು, ಕೊಡಗು