ಗೋರ್ ಬೇರೆ, ಗಾಳಿ ಬೇರೆ

ಎಲ್ರಿಗೂ ನಮಸ್ಕಾರ. ಈ ವಾರ ಪೂರ್ತಿ ಗ್ರೂಪಲ್ಲಿ ಭೂಮಿ ಬಿಸಿಯಾಗ್ತಿದೆ ಅಂತ ಭಾಷಣ ಮಾಡೋ ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಮನೆ ಕರೆಂಟ್ ಬಿಲ್ಲು, ಸ್ವೀಡನ್ನಿನ ಹವಾಮಾನ ಹೋರಾಟಗಾರ್ತಿ ಗ್ರೇತಾ ಮುಖ ಗಂಟು ಹಾಕ್ಕೊಂಡಿರೋ ಫೋಟೋ ಇವೇ ಫಾರ್ವರ್ಡ್ ಆಗ್ತಿವೆ, ಬೈಯೋದಿದ್ರೆ ಬೈಕೊಳ್ಳಿ, ಗೋರ್ ಸಾಹೇಬ್ರು ನಂಗೂ ಅಷ್ಟಕ್ಕಷ್ಟೇ, ಆದ್ರೆ ಅದರ ಕೆಳಗೆ "ಹಂಗಾಗಿ ಗ್ಲೋಬಲ್ ವಾರ್ಮಿಂಗ್ ಎಲ್ಲಾ ಬುರುಡೆ" ಅಂತ ಸೇರಿಸ್ಬೇಡಿ. ಕಾರ್ಬನ್ ಡೈಆಕ್ಸೈಡ್ ಶಾಖ ಹೀರುತ್ತೆ ಅಂತ ವಿಜ್ಞಾನಿ ಟಿಂಡಾಲ್ ಲ್ಯಾಬಲ್ಲಿ ಅಳೆದು ತೋರಿಸಿದ್ದು 1859ರಲ್ಲಿ, ಗೋರ್ ಹುಟ್ಟಿದ್ದೇ 1948! ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ 1958ರಲ್ಲಿ ವಿಜ್ಞಾನಿ ಕೀಲಿಂಗ್ ಅಳೆಯೋಕೆ ಶುರು ಮಾಡ್ದಾಗ ಗಾಳಿಲಿ ಈ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ, ಆ ಮೀಟರ್‌ಗೆ ಯಾರ ಭಾಷಣಾನೂ ಕೇಳ್ಸಲ್ಲ. ಲೆಕ್ಕ ತಪ್ಪು ಅನ್ನೋರು ಲೆಕ್ಕ ಹಿಡ್ಕೊಂಡೇ ಬನ್ನಿ, ಚರ್ಚೆ ನಡೀಲಿ. ಬರೀ ಬಿಲ್ಲು, ಫೋಟೋ ಹಾಕಿದ್ರೆ ಡಿಲೀಟ್ ಮಾಡ್ತೀನಿ.