ಮಸಾಲೆ ಡಬ್ಬಗಳನ್ನು ಮೊದಲು ಒಲೆ ಹತ್ತಿರದಿಂದ ತೆಗೆಯಿರಿ

ಸಂಪಾದಕರೇ,

ನಿಮ್ಮ ಪತ್ರಿಕೆಯ ಅಡುಗೆ ಪುಟವನ್ನು ತಪ್ಪದೆ ಓದುತ್ತೇನೆ. ಸಾರಿನ ಪುಡಿ, ವಾಂಗಿಬಾತ್ ಪುಡಿ ಮಾಡುವುದು ಹೇಗೆ ಅಂತ ಅಳತೆ ಸಮೇತ ಬರುತ್ತದೆ, ಚೆನ್ನಾಗಿರುತ್ತದೆ. ಆದರೆ ಮಾಡಿದ ಪುಡಿಯನ್ನು ಇಟ್ಟುಕೊಳ್ಳುವುದು ಹೇಗೆ ಅನ್ನುವುದಕ್ಕೆ ಕೊನೆಯಲ್ಲಿ ಒಂದೇ ಸಾಲು, 'ಗಾಳಿಯಾಡದ ಡಬ್ಬದಲ್ಲಿಡಿ' ಅಂತ. ಅಷ್ಟು ಸಾಲದು. ಈಗ ಮಳೆ ಹಿಡಿದಿದೆ, ಮನೆಮನೆಯಲ್ಲೂ ಖಾರದ ಪುಡಿ ಗಂಟು ಕಟ್ಟುವ ಕಾಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಚಿಕ್ಕದೊಂದು ಹಿಟ್ಟಿನ ಮಿಲ್ಲು ನಡೆಸುತ್ತೇನೆ. 'ಅಕ್ಕಾ, ಹೋದ ಸಲದ ಪುಡಿ ಬೇಗ ಘಮ ಕಳಕೊಂಡಿತು' ಅಂತ ಹೇಳುವವರು ಜಾಸ್ತಿ. ಧನಿಯ ಹಳೆಯದಿತ್ತು, ಅಂಗಡಿಯವರು ಮೋಸ ಮಾಡಿದರು ಅಂತ ಬೈಯುತ್ತಾರೆ. ಒಮ್ಮೊಮ್ಮೆ ಅದು ನಿಜವೂ ಇರುತ್ತದೆ. ಆದರೆ ಡಬ್ಬ ಎಲ್ಲಿಡುತ್ತೀರಿ ಅಂತ ಕೇಳಿದರೆ ಹತ್ತಿರ ಹತ್ತಿರ ಎಲ್ಲರದ್ದೂ ಒಂದೇ ಉತ್ತರ, ಒಲೆ ಮೇಲಿನ ಶೆಲ್ಫಿನಲ್ಲಿ, ಇಲ್ಲವೇ ಒಲೆ ಪಕ್ಕದ ಡ್ರಾಯರಿನಲ್ಲಿ. ಕೈಗೆ ಸಿಗಲಿ ಅಂತ ಇಡುತ್ತಾರೆ. ಮನೆಯಲ್ಲಿ ಮಸಾಲೆಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಮಸಾಲೆಯ ಘಮ ಇರುವುದು ಅದರೊಳಗಿನ ಎಣ್ಣೆಯಲ್ಲಿ. ಆ ಎಣ್ಣೆ ಬಿಸಿ ತಾಗಿದರೆ ಬೇಗ ಹಾರಿಹೋಗುತ್ತದೆ. ಇಡಿ ಕಾಳಿನೊಳಗೆ ಅದು ಬಹಳ ದಿನ ಭದ್ರವಾಗಿರುತ್ತದೆ, ಪುಡಿ ಮಾಡಿದ ಮೇಲೆ ಅದಕ್ಕೆ ಕಾವಲಿಲ್ಲ. ಕಾಳುಮೆಣಸಿನ ಪುಡಿಯನ್ನೇ ನೋಡಿ. ಹಳೆಯದಾದರೂ ನಾಲಿಗೆಗೆ ಖಾರ ತಾಗುತ್ತದೆ, ಏಕೆಂದರೆ ಖಾರ ಕೊಡುವ ಪೈಪರಿನ್ ಹಾಗೆ ಹಾರಿಹೋಗುವ ವಸ್ತು ಅಲ್ಲ. ಪರಿಮಳ ಮಾತ್ರ ಯಾವಾಗಲೋ ಹೋಗಿರುತ್ತದೆ. ಖಾರ ಇದೆಯಲ್ಲ, ಚೆನ್ನಾಗಿದೆ ಅಂದುಕೊಂಡು ಹಾಕುತ್ತಲೇ ಇರುತ್ತೇವೆ, ಸಾರು ಸಪ್ಪೆ ಅನ್ನಿಸಿದರೆ ಇನ್ನೊಂದು ಚಮಚ ಸುರಿಯುತ್ತೇವೆ.

ಬ್ಯಾಡಗಿ ಮೆಣಸಿನಕಾಯಿಯದು ಬೇರೆ ಕಥೆ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಇಂಥ ಊರಿನ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನಾವು ಅದನ್ನು ಕೊಳ್ಳುವುದೇ ಬಣ್ಣಕ್ಕಾಗಿ. ಆ ಬಣ್ಣ ಬೆಳಕಿಗೆ ಮಾಸುತ್ತದೆ. ಅರಿಶಿನವೂ ಹಾಗೇ. ಚೆಂದ ಕಾಣಲಿ ಅಂತ ಗಾಜಿನ ಬಾಟಲಿಗೆ ತುಂಬಿ ಕಿಟಕಿ ಹತ್ತಿರ ಸಾಲಾಗಿ ಜೋಡಿಸಿದರೆ ದುಡ್ಡು ಕೊಟ್ಟು ತಂದ ಬಣ್ಣವನ್ನು ಸುಮ್ನೆ ಬಿಸಿಲಿಗೆ ಕೊಟ್ಟಂತೆ. ಗಾಜು ಒಳ್ಳೆಯದೇ, ಬಾಗಿಲಿರುವ ಕಪಾಟಿನೊಳಗೆ ಇರಲಿ.

ಇನ್ನು ತೇವ. ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಿಲ್ಲಿನಿಂದ ಬೀಳುವ ಪುಡಿ ಕೈ ಇಟ್ಟರೆ ಚುರುಕ್ ಅನ್ನುವಷ್ಟು ಬಿಸಿ ಇರುತ್ತದೆ. ಸ್ಟೀಲ್ ಡಬ್ಬ ತಂದವರು ಅಲ್ಲೇ ಮುಚ್ಚಳ ಒತ್ತಿ ಸ್ಕೂಟರ್ ಹತ್ತಿಬಿಡುತ್ತಾರೆ. ಮನೆಗೆ ಹೋಗಿ ಮುಚ್ಚಳ ತೆಗೆದು ಒಳಬದಿಗೆ ಬೆರಳಾಡಿಸಿ ನೋಡಿ, ಬೆವರಿರುತ್ತದೆ. ಆ ನೀರು ಮತ್ತೆ ಪುಡಿಯ ಮೇಲೇ ಇಳಿಯುತ್ತದೆ, ಗಂಟು ಶುರುವಾಗುವುದು ಅಲ್ಲಿಂದ. ಅಗಲವಾದ ತಟ್ಟೆಯಲ್ಲೋ ಒಗೆದ ಬಿಳಿ ಪಂಚೆಯ ಮೇಲೋ ಹರಡಿ, ಪೂರ್ತಿ ಆರಿದ ಮೇಲೆ ತುಂಬಿ. ಪತ್ರಿಕೆಯ ಹಾಳೆ ಮೇಲೆ ಮಾತ್ರ ಹರಡಬೇಡಿ, ಶಾಯಿ ಅಂಟುತ್ತದೆ. ಪತ್ರಿಕೆ ಕಾಗದದಲ್ಲಿ ತಿನ್ನುವ ಪದಾರ್ಥ ಇಡಬೇಡಿ ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೂಡ ಹೇಳಿದೆ, ಇದನ್ನು ಪತ್ರಿಕೆಯಲ್ಲೇ ಬರೆದರೆ ಇನ್ನೂ ಒಳ್ಳೆಯದು ಅಲ್ವಾ?

ಕುದಿಯುವ ಸಾರಿನ ಮೇಲೆ ಡಬ್ಬ ಬಗ್ಗಿಸಿ ಪುಡಿ ಉದುರಿಸುವುದು, ಒದ್ದೆ ಚಮಚ ಹಾಕುವುದು, ಇವೆರಡನ್ನು ಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಗಂಟಾದ ಪುಡಿಯಿಂದ ಅಡುಗೆ ರುಚಿ ಕೆಟ್ಟೀತು, ಅಷ್ಟೇ. ಬೂಷ್ಟು ಹಿಡಿದದ್ದು ಹಾಗಲ್ಲ. ತೇವ ಕುಡಿದ ಮೆಣಸಿನಕಾಯಿ ಮುರಿದಾಗ ಒಳಗೆ ಬೂದು ಬಣ್ಣದ ಪುಡಿ, ಮುಗ್ಗಲು ವಾಸನೆ ಕಂಡರೆ ದಯವಿಟ್ಟು ಎಸೆಯಿರಿ. ಬಿಸಿಲಿಗೆ ಹಾಕಿ ಒಣಗಿಸಿ ಪುಡಿ ಮಾಡಿಸುವವರಿದ್ದಾರೆ. ಅಂಥ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಪಿತ್ತಜನಕಾಂಗಕ್ಕೆ ಕೆಟ್ಟದ್ದು, ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ನನ್ನ ಮಿಲ್ಲಿಗೆ ಅಂಥ ಕಾಯಿ ಬಂದರೆ ನಾನು ಹಾಕಿಕೊಡುವುದಿಲ್ಲ, ಬೇಜಾರು ಮಾಡಿಕೊಂಡರೂ ಸರಿ.

ವರ್ಷದ ಸಾಮಾನು ತರುವವರು ಯುಗಾದಿ ಆಸುಪಾಸಿನಲ್ಲಿ ಹೊಸ ಮೆಣಸಿನಕಾಯಿ, ಧನಿಯ ತಂದು ಚೆನ್ನಾಗಿ ಒಣಗಿಸಿ ಇಡಿಯಾಗಿಯೇ ಇಡಿ. ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಪುಡಿ ಮಾಡಿಸಿ. ಮಿಲ್ಲಿನವಳೇ ಹೀಗೆ ಹೇಳುತ್ತಾಳಲ್ಲ ಅನ್ನಬೇಡಿ, ಸ್ವಲ್ಪವೇ ತಂದರೂ ಹಾಕಿಕೊಡುತ್ತೇವೆ. ಲವಂಗ, ಏಲಕ್ಕಿಯನ್ನು ಬಿಸಿಲಿಗೆ ಹಾಕಬೇಡಿ, ಇದ್ದ ಘಮವೂ ಹೋಗುತ್ತದೆ. ಏಲಕ್ಕಿ ಸಿಪ್ಪೆ ಬಿಡಿಸುವುದು ಬೇಕಾದಾಗ ಮಾತ್ರ. ಕೊಬ್ಬರಿ ಹಾಕಿದ ಪುಡಿ ಬೇಗ ಕಮಟು ಹಿಡಿಯುತ್ತದೆ, ಅದನ್ನು ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ಒಳ್ಳೆಯದು. ಹುಣಸೆಹಣ್ಣಿಗೆ ಕಲ್ಲುಪ್ಪು ಬೆರೆಸಿ ಭರಣಿಯಲ್ಲಿಡುತ್ತಿದ್ದರಲ್ಲ ನಮ್ಮ ಹಿರಿಯರು, ಅದೇ ಸರಿ, ಅಲ್ಯೂಮಿನಿಯಂ ಡಬ್ಬ ಬೇಡ. ಇಂಗಿಗೆ ಬೇರೆಯದೇ ಪುಟ್ಟ ಗಾಜಿನ ಬಾಟಲಿ ಇರಲಿ. ಫ್ರಿಜ್ಜಿನಲ್ಲಿಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಇಡಬಹುದು, ಆದರೆ ಹೊರಗೆ ತೆಗೆದ ತಕ್ಷಣ ಮುಚ್ಚಳ ತೆರೆಯಬಾರದು. ಡಬ್ಬದ ತಣುಪು ಹೋಗುವವರೆಗೆ ಕಾಯದಿದ್ದರೆ ಒಳಗೆ ತೇವ ಕೂರುತ್ತದೆ. ದಿನಾ ಬಳಸುವ ಪುಡಿಗೆ ಇದು ಆಗದ ಮಾತು.

ನನ್ನ ಕೋರಿಕೆ ಮೂವರಿಗೆ. ಮಾಡ್ಯುಲರ್ ಕಿಚನ್ ಮಾಡುವವರು ಮಸಾಲೆ ಡ್ರಾಯರನ್ನು ಒಲೆಯಿಂದ ದೂರ ಕೂರಿಸಲಿ, ಮನೆ ಕಟ್ಟಿಸುವವರೂ ಅದನ್ನು ಕೇಳಿ ಮಾಡಿಸಿಕೊಳ್ಳಲಿ. ಸಂತೇಪೇಟೆ, ದೇವರಾಜ ಮಾರುಕಟ್ಟೆಯ ವ್ಯಾಪಾರಿಗಳು ಬಿಡಿಯಾಗಿ ಕಟ್ಟಿಕೊಡುವ ಮಸಾಲೆ ಪೊಟ್ಟಣದ ಮೇಲೆ ಯಾವ ತಿಂಗಳ ಮಾಲು ಅಂತ ಪೆನ್ನಿನಲ್ಲಾದರೂ ಬರೆದುಕೊಡಲಿ. 2020ರ ಅಕ್ಟೋಬರಿನಿಂದ ಅಂಗಡಿಯ ಬಿಡಿ ಸಿಹಿತಿಂಡಿಗೆ ಎಷ್ಟು ದಿನದೊಳಗೆ ತಿನ್ನಬೇಕು ಅಂತ ಹಾಕಬೇಕೆಂದು ನಿಯಮ ಬಂತು. ಧನಿಯಕ್ಕೆ ನಿಯಮ ಬರುವವರೆಗೆ ಕಾಯಬೇಕಾಗಿಲ್ಲವಲ್ಲ?

ಮೂರನೆಯದು ನಿಮಗೇ. 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ನಮ್ಮ ಊರಿನಲ್ಲೇ, ಚೆಲುವಾಂಬ ಅರಮನೆಯಲ್ಲಿದೆ. ಆಹಾರ ಕೆಡದಂತೆ ಇಡುವುದು ಹೇಗೆ ಅನ್ನುವುದೇ ಅಲ್ಲಿನವರ ಕೆಲಸಗಳಲ್ಲೊಂದು. ಅಲ್ಲಿನ ವಿಜ್ಞಾನಿಗಳಿಂದ ಮಸಾಲೆ, ಬೇಳೆಕಾಳು ಕಾಪಾಡಿಕೊಳ್ಳುವ ಬಗ್ಗೆ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ನಾಲ್ಕು ವಾರ ಬರೆಸಿ, ಅಡುಗೆ ಪುಟದಲ್ಲೇ ಹಾಕಿ. ಈ ಮಳೆಗಾಲ ಮುಗಿಯುವುದರೊಳಗೆ ಬಂದರೆ ಉಪಯೋಗವಾಗುತ್ತದೆ.

ನಿಮ್ಮ ಓದುಗರಲ್ಲೊಬ್ಬಳು,
ಮೈಸೂರು