ಕಛೇರಿಯ ಧ್ವನಿಮುದ್ರಣಕ್ಕೆ ಕತ್ತರಿ ಹಾಕಬೇಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಓದುಗರು ತಮ್ಮ ಮೆಚ್ಚಿನ ಧ್ವನಿಮುದ್ರಿಕೆಗಳ ಬಗ್ಗೆ ಬರೆಯುತ್ತಿರುವುದನ್ನು ಕೆಲವು ವಾರಗಳಿಂದ ಆಸಕ್ತಿಯಿಂದ ಓದುತ್ತಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಸ್ಟುಡಿಯೊದಲ್ಲಿ ಸಿದ್ಧವಾದ ಮುದ್ರಿಕೆಗಳನ್ನೇ ಹೆಸರಿಸಿದ್ದಾರೆ. ಅವರ ಆಯ್ಕೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಕೇಳುಗರೆದುರು ನಡೆದ ಕಛೇರಿಗಳ ಮುದ್ರಣಗಳ ಪರವಾಗಿಯೂ ಯಾರಾದರೂ ನಾಲ್ಕು ಮಾತು ಹೇಳಬೇಕೆಂದು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ವಿನಂತಿ ಒಂದೇ. ಇಂಥ ಮುದ್ರಣಗಳನ್ನು ಯಾರೂ, ಎಷ್ಟೇ ಒಳ್ಳೆಯ ಉದ್ದೇಶದಿಂದಲೂ, ಕತ್ತರಿಸಬಾರದು, ತೊಳೆದು ನುಣುಪುಮಾಡಬಾರದು. ತಂಬೂರಿ ಶ್ರುತಿ ಮಾಡುವಲ್ಲಿಂದ ಹಿಡಿದು ಕೊನೆಯ ಚಪ್ಪಾಳೆಯವರೆಗೆ ಇದ್ದದ್ದನ್ನು ಇದ್ದ ಹಾಗೆಯೇ ಉಳಿಸಬೇಕು.

1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್ ಅವರು ಗ್ರಾಮಫೋನಿನ ಕಹಳೆಯೆದುರು ಹಾಡಿದಾಗ ಅವರಿಗೆ ಸಿಕ್ಕ ಕಾಲ ಹೆಚ್ಚೆಂದರೆ ಮೂರು ನಿಮಿಷ. ಅಷ್ಟರೊಳಗೆ ರಾಗವನ್ನು ಎತ್ತಿ, ಚೀಜನ್ನು, ಅಂದರೆ ಆ ರಾಗದಲ್ಲಿ ಕಟ್ಟಿದ ಹಾಡನ್ನು, ಹೇಳಿ, ವೇಗದ ಸ್ವರಸಾಲುಗಳಾದ ತಾನುಗಳನ್ನು ಹಾಕಿ, ಕೊನೆಗೆ ತಮ್ಮ ಹೆಸರನ್ನೂ ಕೂಗಿ ಹೇಳಬೇಕಾಗಿತ್ತು. ಆ ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ; ಹಾಡಿದವರು ಯಾರೆಂಬುದು ಅಲ್ಲಿನವರಿಗೆ ತಟ್ಟೆಯಿಂದಲೇ ತಿಳಿಯಬೇಕಿತ್ತು. ಅದೇ ಗೌಹರ್ ಜಾನ್ ತಮ್ಮ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರು ರಾತ್ರಿಯಿಡೀ ಹಾಡುತ್ತಿದ್ದ ಬೈಠಕ್ಕುಗಳು ಹೇಗಿದ್ದವೆಂದು ತಿಳಿಯುವ ದಾರಿ ನಮಗಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ವಿಷಯದಲ್ಲಿಯೂ ನಮ್ಮ ಪಾಡು ಇದಕ್ಕಿಂತ ಬಹಳ ಬೇರೆಯಲ್ಲ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರಂಥ ಶಿಷ್ಯರನ್ನು ತಯಾರು ಮಾಡಿದ ಆ ಗುರುವಿನ ದನಿ ನಮಗೆ ಹೆಚ್ಚಾಗಿ ಸಿಗುವುದು ನಿಮಿಷಗಳ ಲೆಕ್ಕದ ತಟ್ಟೆಗಳಲ್ಲಿ. ಅವರ ಹೆಸರಿನಲ್ಲಿ 1953ರಿಂದ ಪುಣೆಯಲ್ಲಿ ನಡೆದುಬಂದಿರುವ ಉತ್ಸವದ ಮುಕ್ತಾಯಕ್ಕೆ ಅವರ ಅಂಥದೊಂದು ಹಳೆಯ ತಟ್ಟೆಯನ್ನೇ ನುಡಿಸುತ್ತಾರೆ. ಸಾವಿರಾರು ಜನ ಸದ್ದಿಲ್ಲದೆ ಕೇಳುತ್ತಾರೆ. ಮೂರು ನಿಮಿಷಗಳಲ್ಲಿ ಅದು ಮುಗಿದುಹೋಗುತ್ತದೆ.

ಕಾಲದ ಈ ಕಟ್ಟು ಸಡಿಲವಾದದ್ದು ಮೊದಲು ಒಂದೊಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಸುವ ದೊಡ್ಡ ತಟ್ಟೆಗಳಿಂದ, ಆಮೇಲೆ ಸುರುಳಿ ಟೇಪಿನಿಂದ, ಕೊನೆಗೆ 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟಿನಿಂದ. ಕ್ಯಾಸೆಟ್ಟು ಬಂದ ಮೇಲೆ ಮುದ್ರಣವು ಕಂಪನಿಗಳ ಕೈಯಿಂದ ಕೇಳುಗರ ಕೈಗೂ ಬಂತು. ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಕಛೇರಿ ಎಂದರೆ ವೇದಿಕೆಯ ಮುಂದಿನ ಜಮಖಾನೆಯ ಮೇಲೆ ನಾಲ್ಕೈದು ಟೇಪ್ ರೆಕಾರ್ಡರುಗಳು ಸಾಲಾಗಿ ಕುಳಿತಿರುತ್ತಿದ್ದ ಕಾಲವೊಂದಿತ್ತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳನ್ನು ಮನೆಗೆ ಕೊಂಡೊಯ್ದು ಮತ್ತೆ ಮತ್ತೆ ಕೇಳಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ.

ನನ್ನ ಮೆಚ್ಚಿನವುಗಳಲ್ಲಿ ಮೊದಲ ಸ್ಥಾನ ಮಲ್ಲಿಕಾರ್ಜುನ ಮನಸೂರರ ಕಛೇರಿ ಮುದ್ರಣಗಳಿಗೆ. 1930ರ ದಶಕದಲ್ಲಿ ಅವರು ಗ್ರಾಮಫೋನಿಗೆ ಹಾಡಿದ ತಟ್ಟೆಗಳಲ್ಲಿ ತಾರುಣ್ಯದ ಚುರುಕು ಇದೆ, ಕಂಠದ ತೇಜಸ್ಸು ಇದೆ. ಆದರೆ ಎಪ್ಪತ್ತು ದಾಟಿದ ಮನಸೂರರು ಶಿವಮತ ಭೈರವ ರಾಗವನ್ನೋ ಸಂಪೂರ್ಣ ಮಾಲಕಂಸವನ್ನೋ ಕೇಳುಗರ ನಡುವೆ ಕುಳಿತು ಹಾಡುವುದನ್ನು ಕೇಳಿದವರಿಗೆ ಆ ತಟ್ಟೆಗಳು ಮುನ್ನುಡಿಯಷ್ಟೇ ಎನ್ನಿಸುತ್ತವೆ. ಜೈಪುರ ಅತ್ರೌಲಿ ಘರಾಣೆಯ ಪದ್ಧತಿಯಂತೆ ಅವರು ದೀರ್ಘ ಆಲಾಪಕ್ಕೆ ಕಾಯದೆ ಚೀಜಿಗೆ ಇಳಿದುಬಿಡುತ್ತಾರೆ. ರಾಗದ ಬಿಡಿಸುವಿಕೆಯೆಲ್ಲ ತಬಲಾದ ಠೇಕೆಯ ಮೈಮೇಲೆಯೇ ನಡೆಯುತ್ತದೆ. ಒಂದು ಸುತ್ತು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ತಿರುವು, ಅದರೊಳಗಿನಿಂದ ಮತ್ತೊಂದು, ಅಷ್ಟಾದ ಮೇಲೆ ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂದು ಮುಟ್ಟುವಾಗ ಎದುರಿಗೆ ಕುಳಿತವರ ಬಾಯಿಂದ ತಾನಾಗಿಯೇ ಹೊರಡುವ ಆ ಒಂದು ಉದ್ಗಾರ. ಆ ಉದ್ಗಾರವೂ ಹಾಡಿನ ಭಾಗವೇ. ಅದು ಎಲ್ಲಿ ಬಂತು, ಎಲ್ಲಿ ಬರಲಿಲ್ಲ ಎಂಬುದನ್ನು ಗಮನಿಸಿದರೆ ಆ ದಿನದ ಕೇಳುಗರು ಎಂಥವರಾಗಿದ್ದರೆಂದು ತಿಳಿಯುತ್ತದೆ, ಅದರಿಂದ ಗಾಯಕರ ಮುಂದಿನ ಹೆಜ್ಜೆ ಹೇಗೆ ಬದಲಾಯಿತೆಂಬುದೂ ತಿಳಿಯುತ್ತದೆ.

ಗಂಗೂಬಾಯಿಯವರ ಕಛೇರಿ ಮುದ್ರಣಗಳನ್ನು ನಾನು ಇನ್ನೊಂದು ಕಾರಣಕ್ಕಾಗಿ ಜೋಪಾನ ಮಾಡುತ್ತೇನೆ. ಅವುಗಳಲ್ಲಿ ತಾಯಿಯ ಗಂಭೀರ ದನಿಯ ಹಿಂದೆಯೇ ಮಗಳು ಕೃಷ್ಣಾ ಹಾನಗಲ್ ಅವರ ದನಿ ನಡೆದುಬರುತ್ತದೆ. ತಾಯಿ ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಮಗಳು ಸ್ವರವನ್ನು ಹಿಡಿದು ನಿಲ್ಲುತ್ತಾರೆ, ತಾಯಿ ಮರಳಿ ಬಂದೊಡನೆ ಸರಿದು ದಾರಿ ಬಿಡುತ್ತಾರೆ. ಕೃಷ್ಣಾ ಅವರು 2004ರಲ್ಲಿ, ತಾಯಿಗಿಂತ ಮೊದಲೇ, ತೀರಿಕೊಂಡರು. ನನ್ನಂಥ ಅನೇಕರಿಗೆ ಅವರು ಗೊತ್ತಿರುವುದು ಈ ದನಿಯಿಂದಲೇ. ಎಂ.ಎಸ್. ಸುಬ್ಬುಲಕ್ಷ್ಮಿಯವರು 1966ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಹಾಡಿದ ಕಛೇರಿಯ ಮುದ್ರಣವನ್ನು ಕೇಳುವಾಗಲೂ ನನ್ನ ಕಿವಿ ಅವರೊಂದಿಗೆ ಹಾಡಿದ ರಾಧಾ ವಿಶ್ವನಾಥನ್ ಅವರ ದನಿಯನ್ನು ಹುಡುಕಿಕೊಂಡು ಹೋಗುತ್ತದೆ. ಇನ್ನು ಕರ್ನಾಟಕ ಸಂಗೀತದ ಮಾರಾಟದ ಕ್ಯಾಸೆಟ್ಟುಗಳಲ್ಲಿ ಜಾಗ ಸಾಲದೆಂದು, ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನವನ್ನೇ ಬಿಟ್ಟದ್ದನ್ನು, ಇಲ್ಲವೆ ಎರಡು ನಿಮಿಷಕ್ಕೆ ಇಳಿಸಿದ್ದನ್ನು ಕಂಡಾಗಲೆಲ್ಲ ನನಗೆ ನೋವಾಗಿದೆ. ಮೃದಂಗದವರು, ಘಟದವರು, ಖಂಜಿರದವರು ಎರಡು ಗಂಟೆ ಕಾದು ಪಡೆದ ಹೊತ್ತು ಅದು.

ಈಗ ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. 1983ರ ಶ್ರಾವಣ ಮಾಸದಲ್ಲಿ ಗದಗಿನ ಕಡೆಯ ಹಳ್ಳಿಯೊಂದರ ಮಠದ ಅಂಗಳದಲ್ಲಿ ರಾತ್ರಿಯಿಡೀ ಸಂಗೀತ ನಡೆದಿತ್ತು. ನಮ್ಮ ಭಾಗದ ಹಿರಿಯ ಗಾಯಕರೊಬ್ಬರು ಬಾಗೇಶ್ರೀ ರಾಗದಿಂದ ಆರಂಭಿಸಿ, ಬೆಳಕು ಹರಿಯುವ ಮುನ್ನ ಲಲಿತ ಹಾಡಿ, ಭೈರವಿಯಲ್ಲಿ ಒಂದು ವಚನದೊಂದಿಗೆ ಮುಗಿಸಿದ್ದರು. ನನ್ನ ತಂದೆಯವರು ಅದನ್ನು ತೊಂಬತ್ತು ನಿಮಿಷಗಳ ಮೂರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಆ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿಸಲು ನಗರದ ಅಂಗಡಿಯೊಂದಕ್ಕೆ ಕೊಟ್ಟೆ. ಹದಿನೈದು ದಿನಗಳ ನಂತರ ಒಂದು ಪೆನ್‌ಡ್ರೈವ್ ಕೈಗೆ ಬಂತು. ಮನೆಗೆ ಬಂದು ಹಚ್ಚಿ ನೋಡಿದರೆ ಸುಮಾರು ನಾಲ್ಕೂವರೆ ಗಂಟೆಯ ಕಛೇರಿ ಮೂರು ಗಂಟೆ ಐವತ್ತು ನಿಮಿಷಕ್ಕೆ ಇಳಿದಿತ್ತು. ಶ್ರುತಿ ಮಾಡುವ ಹೊತ್ತನ್ನು, ನಡುವಿನ ಮಾತುಗಳನ್ನು, ಚಹಾ ಬಂದಾಗಿನ ವಿರಾಮವನ್ನು, ಕೊನೆಗೆ ಸ್ವಾಮಿಗಳು ಆಡಿದ ಆಶೀರ್ವಾದದ ನುಡಿಯನ್ನೂ ತೆಗೆದುಹಾಕಿದ್ದರು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಂಗೆಡಿಸಿದ್ದು ಇನ್ನೊಂದು: ತಂಬೂರಿಗಳೇ ಕೇಳುತ್ತಿರಲಿಲ್ಲ. ಗಾಯಕರು ಬಾಯಿ ತೆರೆದಾಗ ಮಾತ್ರ ಅವರ ದನಿಯ ಅಂಚಿನಲ್ಲಿ ತಂಬೂರಿಯ ನೆರಳು ಸುಳಿಯುತ್ತಿತ್ತು, ಅವರು ನಿಲ್ಲಿಸಿದೊಡನೆ ಅದೂ ಆರಿಹೋಗುತ್ತಿತ್ತು. ಬಾವಿಯೊಳಗೆ ಕುಳಿತು ಹಾಡಿದಂತಿತ್ತು.

ಅಂಗಡಿಯವರದು ದುರುದ್ದೇಶವಲ್ಲ. ಟೇಪಿನ ಸುಯ್ಯೆನ್ನುವ ಸದ್ದನ್ನು ತೆಗೆಯುವ ತಂತ್ರಾಂಶವು, ಏರಿಳಿತವಿಲ್ಲದೆ ಒಂದೇ ಸಮ ಕೇಳುವ ಸದ್ದನ್ನೆಲ್ಲ ಗದ್ದಲವೆಂದು ತಿಳಿದು ಅಳಿಸುವ ಹಾಗೆ ರಚನೆಯಾಗಿರುತ್ತದೆ. ಮಾತಿಗೆ, ಭಾಷಣಕ್ಕೆ ಅದು ಒಪ್ಪುತ್ತದೆ. ಆದರೆ ನಮ್ಮ ಸಂಗೀತದಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಕೇಳುವುದು ತಂಬೂರಿ ಹಿಡಿದಿಡುವ ಆಧಾರ ಸ್ವರ, ಷಡ್ಜ. ಯಂತ್ರಕ್ಕೆ ತಂಬೂರಿಗೂ ಫ್ಯಾನಿನ ಸದ್ದಿಗೂ ವ್ಯತ್ಯಾಸ ತಿಳಿಯಲಿಲ್ಲ. ತಂಬೂರಿಯ ಶ್ರುತಿ ಮನಸ್ಸಿಗೆ ಒಪ್ಪುವವರೆಗೂ ಹಾಡನ್ನು ಎತ್ತದಿದ್ದ ಕುಮಾರ ಗಂಧರ್ವರ ಕಛೇರಿಯೊಂದನ್ನು ಯಾರಾದರೂ ಹೀಗೆ ತೊಳೆದರೆ ಅದರಲ್ಲಿ ಉಳಿಯುವುದೇನು ಎಂದು ಓದುಗರು ಯೋಚಿಸಿ ನೋಡಬೇಕು.

ಪುಣ್ಯಕ್ಕೆ ಮೂಲ ಕ್ಯಾಸೆಟ್ಟುಗಳನ್ನು ಮರಳಿ ತಂದಿದ್ದೆ. ನಾನು ತಂತ್ರಜ್ಞನಲ್ಲ, ನಿವೃತ್ತ ಶಾಲಾ ಶಿಕ್ಷಕ. ಆದರೂ ಹಳೆಯ ಕ್ಯಾಸೆಟ್ ಡೆಕ್ ಒಂದನ್ನು ದುರಸ್ತಿ ಮಾಡಿಸಿಕೊಂಡು, ತಿಳಿದವರನ್ನು ಕೇಳಿ ಕಲಿತು, ನಾನೇ ಮತ್ತೆ ಅವನ್ನು ಕಂಪ್ಯೂಟರಿಗೆ ಇಳಿಸಿದೆ. ಎರಡನೆಯ ಕ್ಯಾಸೆಟ್ಟಿನಲ್ಲಿ ಟೇಪನ್ನು ಹೆಡ್ಡಿಗೆ (ಯಂತ್ರದಲ್ಲಿ ಟೇಪನ್ನು ಓದುವ ಭಾಗಕ್ಕೆ) ಒತ್ತಿ ಹಿಡಿಯುವ ಪುಟ್ಟ ಉಣ್ಣೆಯ ತುಂಡು ಅಂಟು ಬಿಟ್ಟು ಉದುರಿತ್ತು. ಖಾಲಿ ಕ್ಯಾಸೆಟ್ಟೊಂದರಿಂದ ಅಂಥದೇ ತುಂಡನ್ನು ತೆಗೆದು ಕೂರಿಸಬೇಕಾಯಿತು. ಆಮೇಲೆ ಡೆಕ್ಕಿನ ಹೆಡ್ಡಿನ ಪಕ್ಕದಲ್ಲಿರುವ ಚಿಕ್ಕ ತಿರುಪನ್ನು ಎಳ್ಳಷ್ಟು ಎಳ್ಳಷ್ಟೇ ತಿರುಗಿಸುತ್ತ ಕೇಳಬೇಕು. ಮುದ್ರಿಸಿದ ಯಂತ್ರದ ಹೆಡ್ಡು ಯಾವ ಓರೆಯಲ್ಲಿತ್ತೋ ಅದೇ ಓರೆಗೆ ಇದೂ ಬಂದಾಗ ಮಂಕಾಗಿದ್ದ ದನಿ ಒಮ್ಮೆಲೇ ತೆರೆದುಕೊಳ್ಳುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ನನಗೆ ಹೇಳಿಕೊಟ್ಟದ್ದು ತಂಬೂರಿಯೇ. ತಿರುಪು ಸರಿಯಾದ ಜಾಗಕ್ಕೆ ಬಂದ ಕ್ಷಣದಲ್ಲಿ ಅದರ ಜವಾರಿ, ಅಂದರೆ ತಂತಿಯ ಝೇಂಕಾರ, ಮಿನುಗಿತು, ತಂತಿಯ ಮೇಲಿನ ಎಳೆಯ ಸ್ವರಗಳು ಒಂದೊಂದಾಗಿ ಬಿಡಿಸಿಕೊಂಡವು. ನಲವತ್ತು ವರ್ಷಗಳ ಹಿಂದಿನ ಆ ಅಂಗಳ ನನ್ನ ಕೋಣೆಯೊಳಕ್ಕೆ ಬಂದಿತು.

ಮೂರನೆಯ ಕ್ಯಾಸೆಟ್ಟಿನಲ್ಲಿ ಬೇರೆಯ ತೊಡಕಿತ್ತು. ಬೆಳಗಿನ ಜಾವಕ್ಕೆ ರೆಕಾರ್ಡರಿನ ಸೆಲ್ಲುಗಳು ಸೊರಗಿ ಮೋಟಾರು ನಿಧಾನವಾಗಿ ತಿರುಗಿದ್ದರಿಂದ, ಈಗ ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಮೇಲಕ್ಕೆ ಏರುತ್ತ ಹೋಗುತ್ತದೆ. ವೇಗದಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸವಾದರೆ ಸಾಕು, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕರಿ ಒಂದರಲ್ಲಿ ಹಾಡಿದ್ದು ಅದರ ಮುಂದಿನ ಬಿಳಿ ಎರಡಕ್ಕೆ ಹೋಗಿಬಿಡುತ್ತದೆ. ಇದನ್ನು ಸರಿಪಡಿಸಲು ಸಾಧ್ಯವಾದದ್ದು ಸಾಥಿಗೆ ಹಾರ್ಮೋನಿಯಂ ಇದ್ದುದರಿಂದ. ಅದರ ಸ್ವರ ರಾತ್ರಿಯಿಂದ ಬೆಳಗಿನವರೆಗೆ ಕದಲುವುದಿಲ್ಲ. ಅಂಗಡಿಯವರು ಕತ್ತರಿಸಿ ಎಸೆದಿದ್ದ ಶ್ರುತಿ ಮಾಡುವ ಹೊತ್ತಿನಲ್ಲಿಯೇ ಹಾರ್ಮೋನಿಯಂ ಷಡ್ಜ ಒಂಟಿಯಾಗಿ, ಸ್ಪಷ್ಟವಾಗಿ ಸಿಕ್ಕಿತು. ಬೇಡವೆಂದು ತೆಗೆದ ಭಾಗವೇ ಉಳಿದದ್ದನ್ನು ಸರಿಮಾಡುವ ಅಳತೆಗೋಲಾಯಿತು.

ಇಂಥ ಕ್ಯಾಸೆಟ್ಟುಗಳು, ಸುರುಳಿಗಳು ನಮ್ಮ ನಾಡಿನ ಮನೆಗಳ ಅಟ್ಟಗಳಲ್ಲಿ, ಟ್ರಂಕುಗಳಲ್ಲಿ ಇನ್ನೂ ಇವೆ. ಕರಾವಳಿ ಮತ್ತು ಮಲೆನಾಡಿನ ತೇವದಲ್ಲಿ ಅವುಗಳ ಮೇಲೆ ಬೂಷ್ಟು ಹಿಡಿಯುತ್ತದೆ. ಕೆಲವು ಕಾಲದ ಸುರುಳಿಗಳಲ್ಲಿ ಕಂದು ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವವನ್ನು ಹೀರಿ ಜಿಗಟಾಗುತ್ತದೆ. ಅಂಥವನ್ನು ಹಾಗೆಯೇ ಓಡಿಸಿದರೆ ಪುಡಿಯ ಜೊತೆ ಹಾಡೂ ಕಿತ್ತುಬರುತ್ತದೆ. ತಿಳಿದವರಿಗೆ ತೋರಿಸದೆ ಅವನ್ನು ಯಂತ್ರಕ್ಕೆ ಹಾಕಬಾರದು. ಹಾಡಿದವರು ಯಾರು, ತಬಲಾ ಯಾರದು, ಯಾವ ಊರು, ಯಾವ ದಿನ ಎಂದು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಟೇಪಿಗಿಂತ ಮೊದಲು ಅವರ ಬಳಿ ಕುಳಿತು ಬರೆದುಕೊಳ್ಳಬೇಕು. ಡಬ್ಬಿಯ ಮೇಲೆ ಬರೆದ ಪೆನ್ಸಿಲ್ಲಿನ ಅಕ್ಷರವನ್ನು ಒರೆಸಬಾರದು.

ಸರ್ಕಾರದ ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳು, 1950ರಿಂದ ಈ ಭಾಗದ ಗಾಯಕರನ್ನು ಮನೆಮನೆಗೆ ಮುಟ್ಟಿಸಿದ ಧಾರವಾಡ ಆಕಾಶವಾಣಿಯಂಥ ಕೇಂದ್ರಗಳು ಕೂಡಿ ಈ ಕೆಲಸಕ್ಕೆ ಒಂದು ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ. ಜಿಲ್ಲೆಗೊಂದು ಒಳ್ಳೆಯ ಡೆಕ್, ಒಂದು ಸುರುಳಿ ಯಂತ್ರ, ಅವನ್ನು ಅರಿತು ನಡೆಸುವ ಒಬ್ಬಿಬ್ಬರು, ತಂದವರ ಟೇಪನ್ನು ಅವರಿಗೇ ಮರಳಿಸುವ ಭರವಸೆ, ಇಷ್ಟಿದ್ದರೆ ಆರಂಭಿಸಬಹುದು. ನಿಯಮ ಮಾತ್ರ ಮೊದಲೇ ಸ್ಪಷ್ಟವಾಗಿರಬೇಕು: ಮೂಲದ ಪ್ರತಿಯನ್ನು ಏನನ್ನೂ ಸೇರಿಸದೆ, ಏನನ್ನೂ ಕಳೆಯದೆ, ಕುಗ್ಗಿಸದ ಕಡತವಾಗಿ ಕಾದಿಡಬೇಕು, ತಿದ್ದಿದ ಪ್ರತಿ ಬೇಕಾದವರು ಅದರ ನಕಲಿನಿಂದ ಮಾಡಿಕೊಳ್ಳಲಿ. ಸಾರ್ವಜನಿಕವಾಗಿ ಬಿತ್ತರಿಸುವ ಮೊದಲು ಕಲಾವಿದರ ಅಥವಾ ಅವರ ವಾರಸುದಾರರ ಒಪ್ಪಿಗೆಯನ್ನು ಪಡೆಯಲೇಬೇಕು. ನಮ್ಮ ಕೃತಿಸ್ವಾಮ್ಯ ಕಾಯಿದೆಯು ಕಲಾವಿದರಿಗೆ ತಮ್ಮ ಪ್ರಸ್ತುತಿಯ ಮೇಲೆ 50 ವರ್ಷಗಳ ಹಕ್ಕನ್ನು ಕೊಟ್ಟಿದೆ. ಕಾಯಿದೆ ಇರಲಿ ಬಿಡಲಿ, ಕೇಳಿ ಪಡೆಯುವುದು ಹಾಡಿದವರಿಗೆ ನಾವು ಸಲ್ಲಿಸಬೇಕಾದ ಗೌರವ. ಮಠದ ಅಂಗಳದಲ್ಲಿ ಹಾಡಿದ ಗಾಯಕರ ಮನೆಯವರನ್ನು ಇನ್ನೂ ಕಾಣಬೇಕಾಗಿರುವುದರಿಂದಲೇ ಅವರ ಹೆಸರನ್ನು ಈ ಪತ್ರದಲ್ಲಿ ಬರೆದಿಲ್ಲ.

ಕೊನೆಯದಾಗಿ ಓದುಗರಲ್ಲಿ ಒಂದು ಕೋರಿಕೆ. ನಮ್ಮ ಮೂರನೆಯ ಕ್ಯಾಸೆಟ್ಟಿನ ಮೊದಲ ಬದಿ ಲಲಿತದ ದ್ರುತದಲ್ಲಿ, ಅಂದರೆ ವೇಗದ ಭಾಗದಲ್ಲಿ, ಗಾಯಕರು ಶುದ್ಧ, ತೀವ್ರ ಎರಡೂ ಮಧ್ಯಮ ಸ್ವರಗಳನ್ನು ಬೆನ್ನುಬೆನ್ನಿಗೆ ಹಿಡಿದು ಮೇಲಕ್ಕೆ ಏರುತ್ತಿರುವಾಗ ಮುಗಿದುಹೋಗುತ್ತದೆ. ತಂದೆಯವರು ಕತ್ತಲಲ್ಲಿ ತಡಕಾಡಿ ಕ್ಯಾಸೆಟ್ಟನ್ನು ತಿರುಗಿಸಿ ಹಾಕುವಷ್ಟರಲ್ಲಿ ಆ ಏರಿಕೆ ಮುಗಿದು, ಜನರ ಉದ್ಗಾರದ ಬಾಲವಷ್ಟೇ ಎರಡನೆಯ ಬದಿಯಲ್ಲಿ ಉಳಿದಿದೆ. ನಡುವೆ ಕಳೆದುಹೋದದ್ದು ಅರ್ಧ ನಿಮಿಷವಿರಬಹುದು. ಅಂದು ವೇದಿಕೆಯ ಮುಂದೆ ಇನ್ನೂ ಎರಡು ರೆಕಾರ್ಡರುಗಳಿದ್ದವು ಎಂಬುದು ನನಗೆ ಚೆನ್ನಾಗಿ ನೆನಪಿದೆ, ಅವರ ಕ್ಯಾಸೆಟ್ಟುಗಳು ನಮ್ಮದು ಮುಗಿದ ಹೊತ್ತಿಗೇ ಮುಗಿದಿರಲಾರವು. ಆ ರಾತ್ರಿಯ ಮುದ್ರಣ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಪತ್ರಿಕೆಯ ಕಚೇರಿಗೆ ಬರೆದು ತಿಳಿಸಬೇಕು. ಊರು, ಮಠ, ತಾರೀಖಿನ ವಿವರಗಳನ್ನು ಸಂಪಾದಕರ ಬಳಿ ಕೊಟ್ಟಿದ್ದೇನೆ. ಡೆಕ್ಕನ್ನು ಹೊತ್ತುಕೊಂಡು ನಾನೇ ಅವರ ಮನೆಗೆ ಬರುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕ, ಧಾರವಾಡ